ಮೌನದ ಮಾತುಗಾರ ಚಾರ್ಲಿ ಚಾಪ್ಲಿನ್

ನಗಿಸುವುದು ಸುಲಭದ ವಿದ್ಯೆಯಲ್ಲ. ಅಳುವವನ ಜೊತೆಯಲ್ಲಿ ಕುಳಿತು ಅಳುವುದಕ್ಕೆ ಹೃದಯವೊಂದಿದ್ದರೆ ಸಾಕು. ಅಳುವವನನ್ನು ನಗಿಸುವುದಕ್ಕೆ ಹೃದಯದೊಡನೆ ಕಲೆಯೂ ಬೇಕು. ಆ ಕಲೆಗೆ ಮಾತಿನ ನೆರವು ಇಲ್ಲವೆಂದಾದರೆ ಅದರ ಕಷ್ಟ ಇಮ್ಮಡಿಯಾಗುತ್ತದೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಚಲನಚಿತ್ರಕ್ಕೆ ಇನ್ನೂ ಮಾತು ಬಂದಿರಲಿಲ್ಲ. ಆ ಕಾಲದಲ್ಲಿ ಒಂದು ಗಿಡ್ಡ ಮೀಸೆ, ಒಂದು ಬೆತ್ತ, ಒಂದು ಜೊತೆ ಸವೆದ ಬೂಟುಗಳನ್ನೇ ಬಂಡವಾಳವಾಗಿಸಿಕೊಂಡು ನಾನಾ ದೇಶಗಳ, ನಾನಾ ಭಾಷೆಗಳ ಕೋಟ್ಯಂತರ ಜನರನ್ನು ನಗಿಸಿದ ಕಲಾವಿದ ಚಾರ್ಲಿ ಚಾಪ್ಲಿನ್. ಅವನ ಬಾಳು ಮೌನಕ್ಕೂ ಮಾತಿಗೂ ನಡುವೆ ನಡೆದ ದೀರ್ಘ ಹೋರಾಟದ ಬಾಳು. ಮೌನ ಅವನಿಗೆ ಕೀರ್ತಿಯನ್ನು ತಂದಿತು. ಮಾತು ಅವನಿಂದ ಬೆಲೆಯನ್ನು ಕೇಳಿತು.

ಚಾರ್ಲ್ಸ್ ಸ್ಪೆನ್ಸರ್ ಚಾಪ್ಲಿನ್ ೧೮೮೯ರ ಏಪ್ರಿಲ್ ೧೬ರಂದು ಇಂಗ್ಲೆಂಡಿನಲ್ಲಿ ಜನಿಸಿದನು. ತಂದೆ ತಾಯಿ ಇಬ್ಬರೂ ಲಂಡನ್ನಿನ ಸಂಗೀತಶಾಲೆಗಳಲ್ಲಿ ಹಾಡಿ ಕುಣಿದು ಜನರನ್ನು ರಂಜಿಸುತ್ತಿದ್ದವರು. ತಂದೆ ಕುಡಿತಕ್ಕೆ ಬಲಿಬಿದ್ದು ಸಂಸಾರದಿಂದ ದೂರವಾದನು. ೧೯೦೧ರಲ್ಲಿ ಇನ್ನೂ ನಡುವಯಸ್ಸು ತುಂಬುವ ಮುನ್ನವೇ ತೀರಿಕೊಂಡನು. ಚಾರ್ಲಿಯನ್ನೂ ಅವನಿಗಿಂತ ನಾಲ್ಕು ವರ್ಷ ಹಿರಿಯನಾದ ಅಣ್ಣ ಸಿಡ್ನಿಯನ್ನೂ ಸಾಕುವ ಭಾರ ತಾಯಿ ಹ್ಯಾನಾಳ ಮೇಲೆ ಬಿದ್ದಿತು. ಅವಳಿಗಿದ್ದ ಆಸ್ತಿಯೆಂದರೆ ಅವಳ ಕಂಠ ಒಂದೇ. ವಿಧಿ ಅದನ್ನೂ ಉಳಿಸಲಿಲ್ಲ. ಮತ್ತೆ ಮತ್ತೆ ಗಂಟಲು ಕಟ್ಟಿ, ಹಾಡುತ್ತಿರುವಾಗಲೇ ಅವಳ ದನಿ ಒಡೆದುಹೋಗತೊಡಗಿತು.

೧೮೯೪ರ ಒಂದು ರಾತ್ರಿ ಆಲ್ಡರ್‌ಶಾಟ್ ಎಂಬ ಸೈನಿಕರ ಊರಿನಲ್ಲಿ ಅವಳ ಕಾರ್ಯಕ್ರಮವಿತ್ತು. ಹಾಡಿನ ನಡುವೆ ದನಿ ಕುಸಿಯಿತು. ನೆರೆದಿದ್ದ ಸೈನಿಕರು ಕೂಗಿ, ಅಣಕಿಸಿ ಅವಳನ್ನು ವೇದಿಕೆಯಿಂದ ಇಳಿಸಿಬಿಟ್ಟರು. ವ್ಯವಸ್ಥಾಪಕನು ದಿಕ್ಕು ತೋಚದೆ ತೆರೆಯ ಮರೆಯಲ್ಲಿ ನಿಂತಿದ್ದ ಐದು ವರ್ಷದ ಚಾರ್ಲಿಯನ್ನು ಕೈಹಿಡಿದು ತಂದು ದೀಪಗಳ ಮುಂದೆ ನಿಲ್ಲಿಸಿದನು. ಬಾಲಕ ಹೆದರಲಿಲ್ಲ, ತನಗೆ ಬರುತ್ತಿದ್ದ ಹಾಡನ್ನು ಹಾಡತೊಡಗಿದನು. ಜನ ಮೆಚ್ಚಿ ನಾಣ್ಯಗಳನ್ನು ಎರಚಿದರು. ಒಡನೆಯೇ ಅವನು ಹಾಡು ನಿಲ್ಲಿಸಿ, ಮೊದಲು ಹಣವನ್ನು ಆರಿಸಿಕೊಂಡು ಆಮೇಲೆ ಹಾಡುವುದಾಗಿ ಸಾರಿದನು. ಸಭೆ ನಕ್ಕಿತು. ನಾಣ್ಯ ಆರಿಸಲು ವ್ಯವಸ್ಥಾಪಕನೂ ಬಂದಾಗ, ಅವನೆಲ್ಲಿ ಹಣವನ್ನು ಕೊಂಡೊಯ್ಯುವನೋ ಎಂಬ ಆತಂಕದಿಂದ ಬಾಲಕ ಅವನ ಬೆನ್ನು ಹತ್ತಿದನು. ನಗೆ ಇನ್ನೂ ಹೆಚ್ಚಿತು. ಮತ್ತೆ ಹಾಡುತ್ತ ಹಾಡುತ್ತ ತಾಯಿಯನ್ನು ಅನುಕರಿಸಿದಾಗ, ಅವಳ ದನಿ ಒಡೆಯುವುದನ್ನೂ ಅರಿಯದೆ ಅನುಕರಿಸಿಬಿಟ್ಟನು. ಅದಕ್ಕೂ ಜನ ನಕ್ಕರು. ಅಂದು ಮಗ ಮೊದಲ ಬಾರಿಗೆ ರಂಗವೇರಿದನು. ತಾಯಿ ರಂಗದಿಂದ ಬಹುಮಟ್ಟಿಗೆ ಕೊನೆಯ ಬಾರಿಗೆ ಇಳಿದಳು. ಒಬ್ಬರ ದುಃಖ ಇನ್ನೊಬ್ಬರಿಗೆ ಹೇಗೆ ವಿನೋದವಾಗಬಲ್ಲುದು ಎಂಬ ಪಾಠವನ್ನು ಅವನು ಕಲಿತದ್ದು ಹೀಗೆ.

ಮುಂದಿನ ದಿನಗಳು ದಾರುಣವಾದುವು. ೧೮೯೬ರಲ್ಲಿ ತಾಯಿ ಮತ್ತು ಮಕ್ಕಳು ಲ್ಯಾಂಬೆತ್ ಬಡಾವಣೆಯ ದುಡಿಮೆಮನೆಯನ್ನು ಸೇರಬೇಕಾಯಿತು. ಗತಿಯಿಲ್ಲದವರಿಗೆ ಅನ್ನವಿಕ್ಕಿ ದುಡಿಸಿಕೊಳ್ಳುವ ಆ ಆಶ್ರಯದಲ್ಲಿ ತಾಯಿ ಮಕ್ಕಳು ಒಂದೇ ಕಡೆ ಇರುವಂತಿರಲಿಲ್ಲ. ಮಕ್ಕಳನ್ನು ಹ್ಯಾನ್‌ವೆಲ್ಲಿನ ಅನಾಥ ಶಾಲೆಗೆ ಕಳುಹಿಸಲಾಯಿತು. ಎರಡು ವರ್ಷಗಳ ಬಳಿಕ ಹ್ಯಾನಾಳ ಬುದ್ಧಿ ಭ್ರಮಿಸಿ ಅವಳನ್ನು ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಆದರೂ ಆ ತಾಯಿ ಮಗನಿಗೆ ಕೊಟ್ಟ ವಿದ್ಯೆ ದೊಡ್ಡದು. ಆರೋಗ್ಯವಾಗಿದ್ದ ದಿನಗಳಲ್ಲಿ ಅವಳು ಕಿಟಕಿಯ ಬಳಿ ಕುಳಿತು ಬೀದಿಯಲ್ಲಿ ಹೋಗುವವರನ್ನು ನೋಡುತ್ತಿದ್ದಳು. ಅವರ ನಡಿಗೆ, ಭುಜದ ಬಾಗು, ಬೂಟಿನ ಸ್ಥಿತಿ, ಮುಖದ ಗಂಟು ಇವುಗಳಿಂದಲೇ ಅವರ ಮನೆಯ ಕಥೆಯನ್ನು ಊಹಿಸಿ, ಕೈಕಣ್ಣುಗಳ ಅಭಿನಯದಿಂದ ಮಕ್ಕಳಿಗೆ ತೋರಿಸುತ್ತಿದ್ದಳು. ಮನುಷ್ಯನ ದೇಹವೇ ಅವನ ಚರಿತ್ರೆಯನ್ನು ಹೇಳುತ್ತದೆ ಎಂಬ ತಿಳಿವು ಚಾರ್ಲಿಗೆ ಬಂದುದು ಆ ಕಿಟಕಿಯ ಬಳಿಯಲ್ಲಿ.

ಬಾಲ್ಯದ ಇನ್ನೊಂದು ಘಟನೆಯನ್ನು ಅವನು ಮುಪ್ಪಿನವರೆಗೂ ಮರೆಯಲಿಲ್ಲ. ಅವನ ಮನೆಯ ಬೀದಿಯ ಕೊನೆಯಲ್ಲಿ ಕಸಾಯಿಖಾನೆಯೊಂದಿತ್ತು. ಒಂದು ದಿನ ಕುರಿಯೊಂದು ತಪ್ಪಿಸಿಕೊಂಡು ಬೀದಿಗೆ ನುಗ್ಗಿತು. ಹಿಡಿಯಲು ಹೋದವರು ಎಡವಿ ಬಿದ್ದರು, ನೋಡಿದವರು ನಕ್ಕರು, ಚಾರ್ಲಿಯೂ ಬಿದ್ದು ಬಿದ್ದು ನಕ್ಕನು. ಕೊನೆಗೆ ಕುರಿ ಸಿಕ್ಕಿಬಿದ್ದು ಅದನ್ನು ಹಿಂದಕ್ಕೆ ಒಯ್ಯುವಾಗ, ಅದರ ಗತಿಯೇನೆಂಬುದು ಅವನಿಗೆ ಥಟ್ಟನೆ ಹೊಳೆಯಿತು. ಅಳುತ್ತ ತಾಯಿಯ ಬಳಿಗೆ ಓಡಿದನು. ಒಂದೇ ನೋಟದಲ್ಲಿ ಹಾಸ್ಯವೂ ಕರುಣೆಯೂ ಬೆರೆತಿರಬಲ್ಲುವೆಂಬ ಅರಿವಿನ ಬೀಜ ಆ ದಿನವೇ ಬಿದ್ದಿರಬೇಕು.

ಬಾಲಕ ಅನ್ನಕ್ಕಾಗಿ ರಂಗವನ್ನು ನಂಬಿದನು. ಮೊದಲು ಮರದ ಪಾದರಕ್ಷೆ ತೊಟ್ಟು ಕುಣಿಯುವ ಹುಡುಗರ ತಂಡವೊಂದನ್ನು ಸೇರಿದನು. ೧೯೦೩ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಷರ್ಲಾಕ್ ಹೋಮ್ಸ್ ನಾಟಕದಲ್ಲಿ ಆಳುಹುಡುಗ ಬಿಲ್ಲಿಯ ಪಾತ್ರ ದೊರಕಿತು. ಓದು ಸರಿಯಾಗಿ ಬಾರದಿದ್ದ ತಮ್ಮನಿಗೆ ಸಿಡ್ನಿಯೇ ಮಾತುಗಳನ್ನು ಓದಿ ಹೇಳಿ ಬಾಯಿಪಾಠ ಮಾಡಿಸಿದನು. ೧೯೦೮ರಲ್ಲಿ ಅಣ್ಣನ ಮೂಲಕವೇ ಫ್ರೆಡ್ ಕಾರ್ನೋ ಎಂಬುವನ ಹಾಸ್ಯನಾಟಕ ಮಂಡಲಿಗೆ ಪ್ರವೇಶ ದೊರೆಯಿತು. ಕಾರ್ನೋನ ಪ್ರಹಸನಗಳಲ್ಲಿ ಮಾತಿಗಿಂತ ಮೂಕಾಭಿನಯಕ್ಕೆ ಪ್ರಾಧಾನ್ಯ. ಬೀಳುವುದು, ಜಾರುವುದು, ಒದೆ ತಿನ್ನುವುದು ಎಲ್ಲವೂ ಗಡಿಯಾರದ ಮುಳ್ಳಿನಂತೆ ಕರಾರುವಾಕ್ಕಾಗಿ ನಡೆಯಬೇಕು. ಕ್ಷಣಾರ್ಧ ತಪ್ಪಿದರೂ ನಗೆ ತಪ್ಪುತ್ತದೆ. ಆ ಮಂಡಲಿಯೊಡನೆ ಅಮೆರಿಕ ಪ್ರವಾಸದಲ್ಲಿದ್ದಾಗ, ೧೯೧೩ರಲ್ಲಿ, ಕೀಸ್ಟೋನ್ ಎಂಬ ಚಲನಚಿತ್ರ ಸಂಸ್ಥೆ ವಾರಕ್ಕೆ ೧೫೦ ಡಾಲರುಗಳ ಸಂಬಳದ ಮೇಲೆ ಅವನನ್ನು ಕರೆಯಿತು.

ಕೀಸ್ಟೋನಿನ ಒಡೆಯ ಮ್ಯಾಕ್ ಸೆನೆಟ್ಟನಿಗೆ ಹಾಸ್ಯವೆಂದರೆ ವೇಗ. ಓಟ, ಬೆನ್ನಟ್ಟುವಿಕೆ, ಹೊಡೆದಾಟ, ಕೊನೆಯಲ್ಲಿ ಎಲ್ಲರೂ ನೀರಿಗೆ ಬೀಳುವುದು, ಇದೇ ಅವನ ಚಿತ್ರಗಳ ಸೂತ್ರ. ಚಾಪ್ಲಿನ್ ರಂಗಭೂಮಿಯಿಂದ ನಿಧಾನವಾದ, ಸೂಕ್ಷ್ಮವಾದ ಅಭಿನಯವನ್ನು ತಂದಿದ್ದನು. ಇಬ್ಬರ ನಡುವೆ ತಿಕ್ಕಾಟ ಸಹಜವಾಗಿತ್ತು. ೧೯೧೪ರ ಆರಂಭದಲ್ಲಿ ಒಂದು ದಿನ ಯಾವುದಾದರೂ ವಿನೋದದ ವೇಷ ಧರಿಸಿ ಬರುವಂತೆ ಅವನಿಗೆ ಹೇಳಲಾಯಿತು. ಅವನು ಉಡುಪುಗಳ ಕೋಣೆಗೆ ಹೋಗಿ ಒಂದಕ್ಕೊಂದು ಹೊಂದದ ವಸ್ತುಗಳನ್ನು ಆರಿಸಿಕೊಂಡನು. ದೊಗಳೆ ಷರಾಯಿ, ಬಿಗಿಯಾದ ಕೋಟು, ಚಿಕ್ಕ ಟೋಪಿ, ದೊಡ್ಡ ಬೂಟು, ಕೈಯಲ್ಲೊಂದು ಬೆತ್ತ. ವಯಸ್ಸು ಹೆಚ್ಚಾಗಿ ತೋರಲೆಂದು ಪುಟ್ಟ ಮೀಸೆಯನ್ನು ಅಂಟಿಸಿಕೊಂಡನು. ಅದು ಮುಖಭಾವವನ್ನು ಮರೆಮಾಡದಷ್ಟು ಪುಟ್ಟದಾಗಿತ್ತು. ಆ ವೇಷದಲ್ಲಿ ಹುಟ್ಟಿದವನೇ ಜಗತ್ತು ಚಾರ್ಲಿ ಎಂದು ಕರೆದ ಅಲೆಮಾರಿ.

ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಮೂಕಚಿತ್ರದಲ್ಲಿ ವಾಚಿಕಕ್ಕೆ ಎಡೆಯಿಲ್ಲ. ಉಳಿದ ಮೂರರಿಂದಲೇ ಚಾಪ್ಲಿನ್ ನಾಲ್ಕನೆಯದರ ಕೊರತೆಯನ್ನು ತುಂಬಿದನು. ಅಲೆಮಾರಿಯ ಉಡುಪು ಬರಿಯ ಅಲಂಕಾರವಾಗಿರಲಿಲ್ಲ. ಅದು ಅವನ ಸ್ವಭಾವವೇ ಆಗಿತ್ತು. ಷರಾಯಿ, ಬೂಟು ಅವನ ಬಡತನವನ್ನು ಹೇಳಿದರೆ, ಬೆತ್ತ ಮತ್ತು ಟೋಪಿ ಅವನ ಮರ್ಯಾದೆಯನ್ನು ಹೇಳುತ್ತಿದ್ದುವು. ಹೊಟ್ಟೆಗಿಲ್ಲದಿದ್ದರೂ ಅವನು ಹೆಂಗಸರನ್ನು ಕಂಡರೆ ಟೋಪಿ ಎತ್ತಿ ವಂದಿಸುವನು. ಒದೆ ತಿಂದು ಬಿದ್ದರೂ ಎದ್ದು ಕೋಟಿನ ಧೂಳನ್ನು ಕೊಡವಿಕೊಳ್ಳುವನು. ಸೋತರೂ ಗೌರವವನ್ನು ಬಿಡದ ಈ ಸಾಮಾನ್ಯನಲ್ಲಿ ಎಲ್ಲ ದೇಶಗಳ ಬಡವರೂ ತಮ್ಮನ್ನು ಕಂಡರು.

ಆ ವೇಷದಲ್ಲಿ ಅವನು ಪ್ರೇಕ್ಷಕರ ಮುಂದೆ ಮೊದಲು ಬಂದ ಚಿತ್ರ ೧೯೧೪ರ ಫೆಬ್ರವರಿಯಲ್ಲಿ ತೆರೆ ಕಂಡ 'ಕಿಡ್ ಆಟೋ ರೇಸಸ್ ಅಟ್ ವೆನಿಸ್'. ಮಕ್ಕಳ ಮೋಟಾರು ಬಂಡಿಗಳ ಪಂದ್ಯವನ್ನು ಚಿತ್ರಿಸುತ್ತಿರುವ ಕ್ಯಾಮೆರಾದ ಮುಂದೆ ಅಲೆಮಾರಿ ಮತ್ತೆ ಮತ್ತೆ ಬಂದು ನಿಲ್ಲುವುದು, ಚಿತ್ರಗಾರರು ಅವನನ್ನು ತಳ್ಳುವುದು, ಅವನು ಮತ್ತೆ ಬರುವುದು, ಇಷ್ಟೇ ಅದರ ಕಥೆ. ಕ್ಯಾಮೆರಾದ ಕಣ್ಣಿಗೆ ತಾನು ಕಾಣಬೇಕೆಂಬ ಸಣ್ಣ ಮನುಷ್ಯನ ಆಸೆಯೇ ಅಲ್ಲಿ ಹಾಸ್ಯದ ವಸ್ತು. ಅದೇ ವರ್ಷದಲ್ಲಿ ಅವನು ಸುಮಾರು ೩೫ ಚಿತ್ರಗಳಲ್ಲಿ ಅಭಿನಯಿಸಿದನು. ಕೆಲವೇ ತಿಂಗಳುಗಳಲ್ಲಿ ತನ್ನ ಚಿತ್ರಗಳನ್ನು ತಾನೇ ನಿರ್ದೇಶಿಸತೊಡಗಿದನು. ೧೯೧೫ರಲ್ಲಿ ಎಸ್ಸನೇ ಸಂಸ್ಥೆ ಅವನಿಗೆ ವಾರಕ್ಕೆ ೧,೨೫೦ ಡಾಲರು ಕೊಟ್ಟಿತು. ೧೯೧೬ರಲ್ಲಿ ಮ್ಯೂಚುಯಲ್ ಸಂಸ್ಥೆಯಿಂದ ವರ್ಷಕ್ಕೆ ೬,೭೦,೦೦೦ ಡಾಲರು ದೊರೆಯಿತು. ದುಡಿಮೆಮನೆಯ ಗಂಜಿ ಕುಡಿದ ಹುಡುಗ ೨೭ನೆಯ ವಯಸ್ಸಿಗೆ ಜಗತ್ತಿನಲ್ಲಿಯೇ ಹೆಚ್ಚು ಸಂಪಾದಿಸುವ ಕಲಾವಿದರಲ್ಲೊಬ್ಬನಾದನು.

ಹಣದೊಡನೆ ಬಂದ ಸ್ವಾತಂತ್ರ್ಯವನ್ನು ಅವನು ಕಲೆಗೆ ಮುಡಿಪಿಟ್ಟನು. ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಹಾಸ್ಯಚಿತ್ರದಲ್ಲಿ ಎಷ್ಟು ಮುಖ್ಯವೆಂಬುದನ್ನು ಅವನಷ್ಟು ಚೆನ್ನಾಗಿ ಅರಿತವರು ವಿರಳ. ಮುಖವನ್ನು ಹತ್ತಿರದಿಂದ ತೋರಿಸಿದರೆ ನೋಡುವವನು ಪಾತ್ರದ ನೋವಿನಲ್ಲಿ ಪಾಲುಗೊಳ್ಳುತ್ತಾನೆ. ದೂರದಿಂದ ಇಡಿಯ ಆಕೃತಿಯನ್ನು ತೋರಿಸಿದರೆ ಅದೇ ನೋವು ನಗೆಯಾಗಿ ಕಾಣುತ್ತದೆ. ಆದುದರಿಂದ ಅವನ ಕ್ಯಾಮೆರಾ ಸಾಮಾನ್ಯವಾಗಿ ತಲೆಯಿಂದ ಪಾದದವರೆಗೆ ಕಾಣುವಷ್ಟು ದೂರದಲ್ಲಿ ನಿಶ್ಚಲವಾಗಿ ನಿಲ್ಲುತ್ತಿತ್ತು. ಅವನ ಪಾದಗಳೂ ಮಾತನಾಡುತ್ತಿದ್ದುವು. ಅವುಗಳನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಅರ್ಧ ಅಭಿನಯವನ್ನೇ ಕತ್ತರಿಸಿದಂತಾಗುತ್ತಿತ್ತು. ರೋಲಿ ಟಾಥರೋ ಎಂಬ ಛಾಯಾಗ್ರಾಹಕನು ಮೂರು ದಶಕಗಳಷ್ಟು ಕಾಲ ಅವನೊಡನೆ ದುಡಿದು ಈ ಕಣ್ಣಿಗೆ ಕಣ್ಣಾದನು.

೧೯೧೭ರ 'ದಿ ಇಮಿಗ್ರಂಟ್' ಚಿತ್ರದ ಆರಂಭವನ್ನು ನೋಡಬಹುದು. ಹೊಯ್ದಾಡುವ ಹಡಗಿನ ಅಂಚಿನಲ್ಲಿ ಅಲೆಮಾರಿ ಕಟಕಟೆಯ ಆಚೆಗೆ ಬಾಗಿ ಒದ್ದಾಡುತ್ತಿದ್ದಾನೆ. ನಮಗೆ ಕಾಣುವುದು ಅವನ ಬೆನ್ನು ಮಾತ್ರ. ಪಾಪ, ಸಮುದ್ರದ ಪಿತ್ತದಿಂದ ವಾಂತಿ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತೇವೆ. ಅವನು ತಿರುಗಿದಾಗ ಕೈಯಲ್ಲಿ ಮೀನೊಂದು ಒದ್ದಾಡುತ್ತಿರುತ್ತದೆ. ಕ್ಯಾಮೆರಾ ಪಕ್ಕದಲ್ಲಿದ್ದಿದ್ದರೆ ಈ ನಗೆ ಹುಟ್ಟುತ್ತಲೇ ಇರಲಿಲ್ಲ. ೧೯೨೧ರ 'ದಿ ಐಡಲ್ ಕ್ಲಾಸ್' ಚಿತ್ರದಲ್ಲಿ ಕುಡುಕ ಗಂಡನೊಬ್ಬನು ಹೆಂಡತಿಯ ಪತ್ರ ಓದಿ, ಬೆನ್ನು ತಿರುಗಿಸಿ ನಿಂತು, ಭುಜ ಅದುರುವಂತೆ ಬಿಕ್ಕುತ್ತಿರುವಂತೆ ತೋರುತ್ತದೆ. ತಿರುಗಿದಾಗ ಅವನು ಮದ್ಯದ ಪಾತ್ರೆಯನ್ನು ಕುಲುಕುತ್ತಿದ್ದನೆಂಬುದು ತಿಳಿಯುತ್ತದೆ. ಪ್ರೇಕ್ಷಕನಿಗೆ ಏನನ್ನು ತೋರಿಸಬೇಕು ಎಂಬುದರಷ್ಟೇ ಏನನ್ನು ಮರೆಮಾಡಬೇಕು ಎಂಬುದೂ ನಗೆಯ ಗುಟ್ಟು.

ಅಂದಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸಬೇಕಾಗಿತ್ತು. ನಿಧಾನವಾಗಿ ತಿರುಗಿಸಿದರೆ ಒಂದು ಕ್ಷಣಕ್ಕೆ ಕಡಿಮೆ ಚಿತ್ರಗಳು ದಾಖಲಾಗುತ್ತಿದ್ದುವು. ಅವನ್ನು ಸಾಮಾನ್ಯ ವೇಗದಲ್ಲಿ ತೆರೆಯ ಮೇಲೆ ತೋರಿಸಿದಾಗ ಪಾತ್ರಗಳ ಚಲನೆ ಚುರುಕಾಗಿ ಕಾಣುತ್ತಿತ್ತು. ಈ ಯುಕ್ತಿಯನ್ನು ಚಾಪ್ಲಿನ್ ಅಳತೆಯರಿತು ಬಳಸಿದನು. ೧೯೨೨ರ 'ಪೇ ಡೇ' ಚಿತ್ರದಲ್ಲಿ ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಅವನು ಕೈಯಿಂದ, ಕಾಲಿನಿಂದ ಒಂದೂ ತಪ್ಪದಂತೆ ಹಿಡಿಯುತ್ತಾನೆ. ನಿಜವಾಗಿ ಇಟ್ಟಿಗೆಗಳನ್ನು ಕೆಳಕ್ಕೆ ಬೀಳಿಸಿ, ಆ ದೃಶ್ಯವನ್ನು ಹಿಂದುಮುಂದಾಗಿ ತೋರಿಸಲಾಗಿದೆ. ಆದರೆ ಯಂತ್ರದ ಚಮತ್ಕಾರ ಎಂದೂ ನಟನನ್ನು ನುಂಗದಂತೆ ಅವನು ಎಚ್ಚರವಹಿಸುತ್ತಿದ್ದನು.

೧೯೧೯ರಲ್ಲಿ ಮೇರಿ ಪಿಕ್‌ಫರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್, ಗ್ರಿಫಿತ್ ಇವರೊಡನೆ ಸೇರಿ ಅವನು ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯನ್ನು ಕಟ್ಟಿದನು. ಅದೇ ವರ್ಷ ಅವನ ಮೊದಲ ಮಗು ಹುಟ್ಟಿ ಮೂರೇ ದಿನಗಳಲ್ಲಿ ತೀರಿಕೊಂಡಿತು. ೧೯೨೧ರಲ್ಲಿ ತೆರೆ ಕಂಡ 'ದಿ ಕಿಡ್' ಚಿತ್ರದಲ್ಲಿ ಅಲೆಮಾರಿ ಬೀದಿಗೆ ಬಿದ್ದ ಹಸುಳೆಯೊಂದನ್ನು ಎತ್ತಿ ಸಾಕುತ್ತಾನೆ. ಅಧಿಕಾರಿಗಳು ಹುಡುಗನನ್ನು ಅನಾಥಾಲಯದ ಬಂಡಿಗೆ ಎಸೆದಾಗ, ಅವನು ಮನೆಗಳ ಮಾಡಿನ ಮೇಲೆ ಓಡಿ, ಬಂಡಿಗೆ ಧುಮುಕಿ, ಮಗುವನ್ನು ಅಪ್ಪಿಕೊಳ್ಳುತ್ತಾನೆ. ಇಲ್ಲಿ ಕ್ಯಾಮೆರಾ ಹತ್ತಿರ ಬಂದು ಇಬ್ಬರ ಕಣ್ಣೀರನ್ನೂ ತೋರಿಸುತ್ತದೆ. ಲ್ಯಾಂಬೆತ್ತಿನಲ್ಲಿ ತಾಯಿಯಿಂದ ಅಗಲಿಸಲ್ಪಟ್ಟ ಬಾಲಕನೇ ಈ ದೃಶ್ಯವನ್ನು ಸೃಷ್ಟಿಸಿದನೆಂದರೆ ತಪ್ಪಾಗದು. ಅದೇ ವರ್ಷ ಅವನು ತಾಯಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡು, ೧೯೨೮ರಲ್ಲಿ ಅವಳು ಕಣ್ಮುಚ್ಚುವವರೆಗೂ ಸಲಹಿದನು.

೧೯೨೫ರ 'ದಿ ಗೋಲ್ಡ್ ರಷ್' ಚಿತ್ರದಲ್ಲಿ ಹಸಿವೇ ಹಾಸ್ಯದ ವಸ್ತು. ಹಿಮದಲ್ಲಿ ಸಿಕ್ಕಿಬಿದ್ದ ಅಲೆಮಾರಿ ತನ್ನ ಬೂಟನ್ನೇ ಬೇಯಿಸಿ, ತಟ್ಟೆಗೆ ಬಡಿಸಿ, ಮೊಳೆಗಳನ್ನು ಎಲುಬಿನಂತೆ ಚೀಪಿ, ದಾರಗಳನ್ನು ಶ್ಯಾವಿಗೆಯಂತೆ ಸುತ್ತಿ ತಿನ್ನುತ್ತಾನೆ. ಬೂಟನ್ನು ಜೇಷ್ಠಮಧುವಿನ ಮಿಠಾಯಿಯಿಂದ ಮಾಡಲಾಗಿತ್ತು. ನಗೆ ಹುಟ್ಟುವುದು ಬೂಟು ತಿಂದುದರಿಂದಲ್ಲ. ರಾಜಭೋಜನ ಮಾಡುವವನ ಗಾಂಭೀರ್ಯದಿಂದ ತಿಂದುದರಿಂದ. ಹಾಸ್ಯನಟ ತಾನು ಹಾಸ್ಯ ಮಾಡುತ್ತಿದ್ದೇನೆಂದು ತೋರಗೊಡಬಾರದು ಎಂಬುದಕ್ಕೆ ಈ ದೃಶ್ಯ ಶ್ರೇಷ್ಠ ನಿದರ್ಶನ.

ಇಂತಹ ಉನ್ನತಿಯಲ್ಲಿದ್ದಾಗ ಅವನ ಕಲೆಗೆ ಗಂಡಾಂತರ ಒದಗಿತು. ೧೯೨೭ರಲ್ಲಿ 'ದಿ ಜಾಸ್ ಸಿಂಗರ್' ಚಿತ್ರದಲ್ಲಿ ತೆರೆಯ ಮೇಲಿನ ಮನುಷ್ಯ ಹಾಡಿದನು, ಮಾತನಾಡಿದನು. ಜನ ಮರುಳಾದರು. ಎರಡು ಮೂರು ವರ್ಷಗಳಲ್ಲಿ ಹಾಲಿವುಡ್ಡಿನಲ್ಲಿ ಮೂಕಚಿತ್ರಗಳ ತಯಾರಿಕೆ ಹೆಚ್ಚುಕಡಿಮೆ ನಿಂತೇಹೋಯಿತು. ಎಷ್ಟೋ ಪ್ರಸಿದ್ಧ ನಟರು ಮೂಲೆಗೆ ಸರಿದರು. ಚಾಪ್ಲಿನ್ನನ ಮುಂದೆ ಕಠಿಣವಾದ ಪ್ರಶ್ನೆ ನಿಂತಿತು. ಅಲೆಮಾರಿ ಮಾತನಾಡಬೇಕೇ? ಮಾತನಾಡಿದರೆ ಅವನು ಇಂಗ್ಲಿಷಿನಲ್ಲಿಯೇ ಆಡಬೇಕು. ಆಡಿದ ಕ್ಷಣದಿಂದ ಅವನು ಇಂಗ್ಲಿಷ್ ಬಲ್ಲವರಿಗೆ ಮಾತ್ರ ಸೇರಿದವನಾಗುತ್ತಾನೆ. ಮೌನವಾಗಿದ್ದರೆ ಅವನು ಎಲ್ಲರವನು. ಆದರೆ ಹಳೆಯ ಕಾಲದವನೆಂದು ಜನ ಅವನನ್ನು ಕೈಬಿಡಬಹುದು. ಕಾಲಪ್ರವಾಹದ ವಿರುದ್ಧ ಈಜಲು ಚಾಪ್ಲಿನ್ ನಿಶ್ಚಯಿಸಿದನು. ತನ್ನ ಹಣವನ್ನೇ ತೊಡಗಿಸಿ 'ಸಿಟಿ ಲೈಟ್ಸ್' ಎಂಬ ಮಾತಿಲ್ಲದ ಚಿತ್ರದ ನಿರ್ಮಾಣಕ್ಕೆ ಇಳಿದನು.

ಮಾತನ್ನು ನಿರಾಕರಿಸಿದವನು ಶಬ್ದವನ್ನು ನಿರಾಕರಿಸಲಿಲ್ಲ. ಚಿತ್ರದ ಸಂಗೀತವನ್ನು ಅವನೇ ರಚಿಸಿದನು. ಸ್ವರಲಿಪಿ ಬಾರದಿದ್ದುದರಿಂದ ರಾಗಗಳನ್ನು ಗುನುಗಿ, ನುಡಿಸಿ ತೋರಿಸುತ್ತಿದ್ದನು, ಬಲ್ಲವರು ಬರೆದುಕೊಳ್ಳುತ್ತಿದ್ದರು. ಹಾಸ್ಯದ ದೃಶ್ಯಕ್ಕೆ ಹಾಸ್ಯದ ಸಂಗೀತ ಬೇಡ, ಮಧುರವಾದ ಸಂಗೀತವೇ ಇರಲಿ ಎಂಬುದು ಅವನ ನಿಲುವು. ಚಿತ್ರದ ಮೊದಲಲ್ಲಿ ಗಣ್ಯರು ಪ್ರತಿಮೆಯೊಂದನ್ನು ಅನಾವರಣ ಮಾಡುತ್ತ ಭಾಷಣ ಬಿಗಿಯುತ್ತಾರೆ. ಅವರ ಬಾಯಿಂದ ಕೇಳಿಬರುವುದು ಪೀಪಿಯ ಕೀರಲು ಸದ್ದು ಮಾತ್ರ. ವಾಕ್ಚಿತ್ರಗಳ ಅತಿಮಾತಿಗೆ ಅವನು ಕೊಟ್ಟ ನಗೆಯ ಉತ್ತರವಿದು. ಮುಂದೆ ಅಲೆಮಾರಿ ಔತಣವೊಂದರಲ್ಲಿ ಸಿಳ್ಳೆಯೊಂದನ್ನು ನುಂಗಿಬಿಡುತ್ತಾನೆ. ಬಿಕ್ಕಿದಾಗಲೆಲ್ಲ ಹೊಟ್ಟೆಯೊಳಗಿಂದ ಸಿಳ್ಳೆ ಕೇಳಿಸುತ್ತದೆ. ಹಾಡಲು ನಿಂತ ಗಾಯಕನಿಗೆ ಹಾಡಲಾಗದು. ಸಿಳ್ಳೆ ಕೇಳಿ ಬಾಡಿಗೆ ಮೋಟಾರೂ ನಾಯಿಗಳೂ ಬಂದು ಸೇರುತ್ತವೆ.

ಈ ಚಿತ್ರದಲ್ಲಿ ಕಣ್ಣಿಲ್ಲದ ಹೂಮಾರುವ ಹುಡುಗಿಯೊಬ್ಬಳು ಅಲೆಮಾರಿಯನ್ನು ಶ್ರೀಮಂತನೆಂದು ಭಾವಿಸಬೇಕು. ಹೇಗೆ ಭಾವಿಸುತ್ತಾಳೆ? ಈ ಒಂದು ಸಮಸ್ಯೆ ಚಾಪ್ಲಿನ್ನನನ್ನು ಬಹುಕಾಲ ಕಾಡಿತು. ಆ ಭೇಟಿಯ ದೃಶ್ಯವನ್ನು ೩೪೨ ಬಾರಿ ಚಿತ್ರೀಕರಿಸಲಾಯಿತೆಂದು ದಾಖಲೆಯಿದೆ. ಕೊನೆಗೆ ಪರಿಹಾರ ದೊರೆತುದು ಒಂದು ಸದ್ದಿನಲ್ಲಿ. ವಾಹನಗಳ ನಡುವೆ ಸಿಕ್ಕಿಕೊಂಡ ಅಲೆಮಾರಿ ನಿಂತಿದ್ದ ದೊಡ್ಡ ಮೋಟಾರಿನ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬರುತ್ತಾನೆ. ಬಾಗಿಲು ಮುಚ್ಚಿದ ಸದ್ದು ಕೇಳಿ ಹುಡುಗಿ, ಸಿರಿವಂತನೊಬ್ಬ ಇಳಿದನೆಂದು ತಿಳಿದು ಹೂ ನೀಡುತ್ತಾಳೆ. ಪ್ರೇಕ್ಷಕನ ಕಿವಿಗೆ ಆ ಸದ್ದು ಕೇಳಿಸುವುದಿಲ್ಲ. ಅವಳ ಮುಖದಲ್ಲಿ ಅದನ್ನು ಕಾಣುತ್ತಾನೆ. ಮೂಕಚಿತ್ರದಲ್ಲಿ ಶಬ್ದವನ್ನು ಕಣ್ಣಿಗೆ ಕೇಳಿಸಿದ ಈ ಬಗೆ ಕಲೆಯ ಪರಾಕಾಷ್ಠೆ. ಕೊನೆಯಲ್ಲಿ ಅಲೆಮಾರಿಯ ನೆರವಿನಿಂದ ಕಣ್ಣು ಪಡೆದ ಹುಡುಗಿ ಅವನನ್ನು ಕಂಡರೂ ಗುರುತಿಸಲಾರಳು. ಕೈ ಸೋಕಿದಾಗ ಗುರುತಿಸುತ್ತಾಳೆ. ಚಿತ್ರದುದ್ದಕ್ಕೂ ಬಹುಮಟ್ಟಿಗೆ ದೂರದಲ್ಲಿ ನಿಂತಿದ್ದ ಕ್ಯಾಮೆರಾ ಆಗ ಅವನ ಮುಖದ ಸಮೀಪಕ್ಕೆ ಬರುತ್ತದೆ. ನಗುತ್ತಿದ್ದವರ ಕಣ್ಣು ತುಂಬುತ್ತದೆ. ೧೯೩೧ರ ಜನವರಿ ೩೦ರಂದು ಲಾಸ್ ಏಂಜಲಿಸ್ ನಗರದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ವಿಜ್ಞಾನಿ ಐನ್‌ಸ್ಟೀನನೂ ಬಂದಿದ್ದನು. ವಾಕ್ಚಿತ್ರಗಳ ಅಬ್ಬರದ ನಡುವೆ ಆ ಮೌನಚಿತ್ರ ಗೆದ್ದಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಬಂದಿದ್ದ ಚಾಪ್ಲಿನ್, ದುಂಡುಮೇಜಿನ ಪರಿಷತ್ತಿಗಾಗಿ ಅಲ್ಲಿಗೆ ತೆರಳಿದ್ದ ಮಹಾತ್ಮ ಗಾಂಧೀಜಿಯವರನ್ನು ಭಾರತೀಯ ವೈದ್ಯರೊಬ್ಬರ ಮನೆಯಲ್ಲಿ ಕಂಡನು. ಯಂತ್ರಗಳನ್ನು ಗಾಂಧೀಜಿ ಏಕೆ ವಿರೋಧಿಸುತ್ತಾರೆಂಬುದು ಅವನ ಪ್ರಶ್ನೆಯಾಗಿತ್ತು. ಪರರ ಯಂತ್ರಗಳು ಭಾರತವನ್ನು ಪರಾಧೀನಗೊಳಿಸಿದ ಬಗೆಯನ್ನು ಗಾಂಧೀಜಿ ಅವನಿಗೆ ವಿವರಿಸಿದರು. ೧೯೩೬ರಲ್ಲಿ ಬಂದ 'ಮಾಡರ್ನ್ ಟೈಮ್ಸ್' ಚಿತ್ರ ಯಂತ್ರಕ್ಕೆ ಸಿಕ್ಕ ಮನುಷ್ಯನ ಕಥೆ. ಕಾರ್ಖಾನೆಯಲ್ಲಿ ದಿನವಿಡೀ ಬೋಲ್ಟು ತಿರುಗಿಸಿ ತಿರುಗಿಸಿ ಅಲೆಮಾರಿಯ ಕೈಗಳು ಕೆಲಸ ನಿಂತರೂ ತಿರುಗುತ್ತಲೇ ಇರುತ್ತವೆ. ಈ ಚಿತ್ರಕ್ಕೆ ಸಂಭಾಷಣೆಯನ್ನು ಬರೆದು, ಪರೀಕ್ಷಿಸಿ ನೋಡಿ, ಚಾಪ್ಲಿನ್ ಅದನ್ನು ಕೈಬಿಟ್ಟನು. ಇಲ್ಲಿ ಮಾತು ಹೊರಡುವುದು ಯಂತ್ರಗಳಿಂದ ಮಾತ್ರ. ಗೋಡೆಯ ಮೇಲಿನ ಪರದೆಯಿಂದ ಯಜಮಾನನ ಅಪ್ಪಣೆ, ಧ್ವನಿಮುದ್ರಿಕೆಯಿಂದ ಮಾರಾಟಗಾರನ ಮಾತು, ರೇಡಿಯೋ. ಮನುಷ್ಯರೆಲ್ಲ ಮೂಕರು. ಕೊನೆಗೆ ಅಲೆಮಾರಿ ಹೋಟೆಲೊಂದರಲ್ಲಿ ಹಾಡಬೇಕಾಗುತ್ತದೆ. ಹಾಡಿನ ಸಾಲುಗಳನ್ನು ಬರೆದಿಟ್ಟುಕೊಂಡಿದ್ದ ಅಂಗಿಯ ತೋಳಪಟ್ಟಿ ಹಾರಿಹೋಗುತ್ತದೆ. ಅವನು ಯಾವ ಭಾಷೆಗೂ ಸೇರದ, ಅರ್ಥವಿಲ್ಲದ ಶಬ್ದಗಳನ್ನು ಕಟ್ಟಿ ಹಾಡುತ್ತಾನೆ. ಅಭಿನಯದಿಂದ ಅರ್ಥವೆಲ್ಲ ತಿಳಿಯುತ್ತದೆ. ಜಗತ್ತು ಅಲೆಮಾರಿಯ ದನಿಯನ್ನು ಮೊದಲ ಬಾರಿಗೆ ಕೇಳಿದುದು ಹೀಗೆ.

ಕೊನೆಗೆ ಮಾತನಾಡಲೇಬೇಕಾದ ಕಾಲ ಬಂದಿತು. ಚಾಪ್ಲಿನ್ನನಿಗಿಂತ ನಾಲ್ಕೇ ದಿನ ಕಿರಿಯನಾಗಿದ್ದ, ಅವನಂತೆಯೇ ಗಿಡ್ಡ ಮೀಸೆಯಿಟ್ಟಿದ್ದ ಹಿಟ್ಲರನು ಯೂರೋಪನ್ನು ನಡುಗಿಸುತ್ತಿದ್ದನು. ಒಬ್ಬನು ಮೌನದಿಂದ ಲೋಕವನ್ನು ನಗಿಸಿದ್ದನು. ಇನ್ನೊಬ್ಬನು ಮಾತಿನಿಂದ ಲೋಕವನ್ನು ಅಳಿಸುತ್ತಿದ್ದನು. ೧೯೪೦ರ 'ದಿ ಗ್ರೇಟ್ ಡಿಕ್ಟೇಟರ್' ಚಿತ್ರದಲ್ಲಿ ಚಾಪ್ಲಿನ್ ಸರ್ವಾಧಿಕಾರಿಯ ಪಾತ್ರವನ್ನೂ ಬಡ ಯೆಹೂದಿ ಕ್ಷೌರಿಕನ ಪಾತ್ರವನ್ನೂ ತಾನೇ ವಹಿಸಿದನು. ಸರ್ವಾಧಿಕಾರಿ ಜರ್ಮನಿನಂತೆ ತೋರುವ ಅರ್ಥಹೀನ ಭಾಷೆಯಲ್ಲಿ ಗರ್ಜಿಸುವಾಗ ಮುಂದಿದ್ದ ಧ್ವನಿವಾಹಕಗಳೇ ಹೆದರಿ ಹಿಂದಕ್ಕೆ ಬಾಗುತ್ತವೆ. ಭೂಗೋಲದ ಬಲೂನನ್ನು ಹಿಡಿದು ಅವನು ಕುಣಿಯುತ್ತಾನೆ. ಅದು ಕೈಯಲ್ಲೇ ಒಡೆದುಹೋಗುತ್ತದೆ. ಕೊನೆಯಲ್ಲಿ ಸರ್ವಾಧಿಕಾರಿಯೆಂದು ತಪ್ಪು ತಿಳಿದು ಜನ ಕ್ಷೌರಿಕನನ್ನು ವೇದಿಕೆಗೆ ಏರಿಸುತ್ತಾರೆ. ಆಗ ಚಾಪ್ಲಿನ್ ಅಭಿನಯವನ್ನೆಲ್ಲ ಬದಿಗಿಟ್ಟು, ಕ್ಯಾಮೆರಾವನ್ನು ನೇರವಾಗಿ ದಿಟ್ಟಿಸಿ, ದ್ವೇಷವನ್ನು ಬಿಟ್ಟು ಮಾನವೀಯತೆಯನ್ನು ಎತ್ತಿಹಿಡಿಯಬೇಕೆಂದು ಹಲವು ನಿಮಿಷಗಳ ಕಾಲ ಮಾತನಾಡಿದನು. ಕಲೆಯ ದೃಷ್ಟಿಯಿಂದ ಅದು ಸರಿಯಲ್ಲವೆಂದವರುಂಟು. ಆದರೆ ಆಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಹೇಳಬೇಕಾದುದನ್ನು ಹೇಳಲು ಹೆಚ್ಚಿನವರು ಹಿಂಜರಿಯುತ್ತಿದ್ದ ಕಾಲವದು.

ಆ ಮಾತಿಗೂ, ಮುಂದೆ ಆಡಿದ ಮಾತುಗಳಿಗೂ ಅವನು ಬೆಲೆ ತೆರಬೇಕಾಯಿತು. ಯುದ್ಧದ ಬಳಿಕ ಅಮೆರಿಕದಲ್ಲಿ ಕಮ್ಯೂನಿಸ್ಟರ ಬಗೆಗೆ ಭೀತಿ ಹಬ್ಬಿತು. ಅಲ್ಲಿಯ ಪೌರತ್ವವನ್ನು ಪಡೆಯದಿದ್ದ ಚಾಪ್ಲಿನ್ನನ ಮೇಲೆ ಸಂಶಯ ಬೆಳೆಯಿತು. ೧೯೫೨ರಲ್ಲಿ ಅವನು 'ಲೈಮ್‌ಲೈಟ್' ಚಿತ್ರದ ಪ್ರದರ್ಶನಕ್ಕಾಗಿ ಸಂಸಾರದೊಡನೆ ಲಂಡನ್ನಿಗೆ ಹಡಗೇರಿದಾಗ, ಅವನು ಮರಳಿ ಬರುವ ಪರವಾನಗಿಯನ್ನು ಸರ್ಕಾರ ರದ್ದುಗೊಳಿಸಿತು. ನಾಲ್ವತ್ತು ವರ್ಷಗಳ ಕಾಲ ದುಡಿದ ನಾಡು ಅವನಿಗೆ ಬಾಗಿಲು ಮುಚ್ಚಿತು. ನಗಿಸುವ ಶಕ್ತಿ ಕುಂದಿದ ಮುದಿ ಹಾಸ್ಯಗಾರನೊಬ್ಬನ ಕಥೆಯಾದ ಆ ಚಿತ್ರ ಲಾಸ್ ಏಂಜಲಿಸ್ ನಗರದಲ್ಲಿ ತೆರೆ ಕಂಡುದು ಇಪ್ಪತ್ತು ವರ್ಷಗಳ ಮೇಲೆ. ಚಾಪ್ಲಿನ್ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿ, ಹೆಂಡತಿ ಊನಾ ಮತ್ತು ಎಂಟು ಮಕ್ಕಳೊಡನೆ ಉಳಿದ ಬಾಳನ್ನು ಕಳೆದನು.

೧೯೭೨ರ ಏಪ್ರಿಲಿನಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿ ಗೌರವ ಪ್ರಶಸ್ತಿ ನೀಡಲು ಅವನನ್ನು ಆಹ್ವಾನಿಸಿತು. ೮೨ ವರ್ಷದ ವೃದ್ಧ ವೇದಿಕೆಗೆ ಬಂದಾಗ ಸಭೆಯೆಲ್ಲ ಎದ್ದು ನಿಂತು ನಿಮಿಷಗಟ್ಟಲೆ ಕರತಾಡನ ಮಾಡಿತು. ಅವನ ಬಾಯಿಂದ ಹೊರಟವು ಕೆಲವೇ ಮಾತುಗಳು. ಉಳಿದುದನ್ನು ತುಂಬಿದ ಕಣ್ಣುಗಳು ಹೇಳಿದುವು. ೧೯೭೩ರಲ್ಲಿ 'ಲೈಮ್‌ಲೈಟ್' ಚಿತ್ರದ ಸಂಗೀತಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ೧೯೭೫ರಲ್ಲಿ ಇಂಗ್ಲೆಂಡಿನ ರಾಣಿ ಅವನಿಗೆ 'ಸರ್' ಪದವಿಯನ್ನು ನೀಡಿದಳು. ೧೯೭೭ರ ಡಿಸೆಂಬರ್ ೨೫ರಂದು, ಕ್ರಿಸ್‌ಮಸ್ ಹಬ್ಬದ ದಿನ, ಚಾಪ್ಲಿನ್ ನಿದ್ರೆಯಲ್ಲಿಯೇ ಕೊನೆಯುಸಿರೆಳೆದನು.

ಚಲನಚಿತ್ರದ ಯಂತ್ರೋಪಕರಣಗಳು ಆ ಬಳಿಕ ಬಹಳ ಸುಧಾರಿಸಿವೆ. ಬಣ್ಣ ಬಂದಿದೆ, ಧ್ವನಿ ನಿಖರವಾಗಿದೆ, ಕ್ಯಾಮೆರಾ ಹಗುರವಾಗಿದೆ. ಆದರೂ ನಗೆಯ ಮೂಲದ್ರವ್ಯ ಬದಲಾಗಿಲ್ಲ. ನಟನ ದೇಹ ಸತ್ಯವನ್ನು ನುಡಿಯಬೇಕು. ಕ್ಯಾಮೆರಾ ಆ ಸತ್ಯವನ್ನು ತಕ್ಕ ದೂರದಿಂದ ನೋಡಬೇಕು. ಶಬ್ದ ಅದರ ಮೇಲೆ ಹೊದಿಕೆಯಾಗದೆ ಅದಕ್ಕೆ ಉಸಿರಾಗಬೇಕು. ಈ ಮೂರನ್ನೂ ಒಂದು ಹದಕ್ಕೆ ತಂದು, ಅವುಗಳ ಹಿಂದೆ ದೀನರ ಮೇಲಿನ ಮರುಕವನ್ನಿರಿಸಿದುದೇ ಚಾಪ್ಲಿನ್ನನ ಸಾಧನೆ. ತಾನು ಉಂಡ ಕಹಿಯನ್ನು ಲೋಕಕ್ಕೆ ಸಿಹಿಯಾಗಿ ಹಂಚಿದ ಅವನ ಅಲೆಮಾರಿ, ಧೂಳು ಕೊಡವಿಕೊಂಡು, ಬೆತ್ತವನ್ನು ತಿರುವುತ್ತ, ಬೆಳಗಿನ ಹಾದಿಯಲ್ಲಿ ಇಂದಿಗೂ ನಡೆಯುತ್ತಿದ್ದಾನೆ.